ಮುಖವಿಲ್ಲದ ಕಾಗದ, ಹೆಸರಿಲ್ಲದ ಫೋಟೋ

ಬೆಂಗಳೂರಿನ ಜಾಲಹಳ್ಳಿಯ ಹಳೆಯ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಒಂದು ಹಳ್ಳಿಯೂ ಒಂದು ಕಾರ್ಖಾನೆಯೂ ಒಟ್ಟಿಗೆ ಮಲಗಿವೆ. ಮನೆ ಬದಲಾಯಿಸುವ ದಿನ ಎರಡೂ ಒಟ್ಟಿಗೇ ರದ್ದಿಗೆ ಹೋಗುತ್ತವೆ.

ಅಪ್ಪನ ಟ್ರಂಕಿನಲ್ಲಿ ಒಂದು ಗ್ರೂಪ್ ಫೋಟೋ ಇತ್ತು. ಮೂರು ಸಾಲು, ಮೂವತ್ತೊಂದು ಜನ. ಮುಂದಿನ ಸಾಲಿನ ನಟ್ಟನಡುವೆ ಹಾರದೊಳಗೆ ಗದ್ದ ಮುಳುಗಿಸಿಕೊಂಡು ಕೂತವರು ಅಂದು ನಿವೃತ್ತರಾದ ಫೋರ್‌ಮನ್. ಅವರ ಎಡಬಲಕ್ಕೆ ಕುರ್ಚಿ ಸಿಕ್ಕ ಹಿರಿಯರು. ಹಿಂದಿನ ಸಾಲಿನವರು ಬೆಂಚು ಹತ್ತಿ ನಿಂತಿರಬೇಕು, ತಲೆಗಳು ಒಂದೇ ಮಟ್ಟಕ್ಕಿವೆ. ಆ ಸಾಲಿನಲ್ಲಿ ಎಡದಿಂದ ಏಳನೆಯವನೊಬ್ಬ ಕ್ಯಾಮೆರಾ ಬಿಟ್ಟು ಇನ್ನೆಲ್ಲೋ ನೋಡುತ್ತಿದ್ದಾನೆ. ಇನ್ನೂ ಹತ್ತಿರದಿಂದ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಕುರ್ಚಿಯವರೆಲ್ಲ ಎಡಗೈಯನ್ನು ಮಂಡಿಯವರೆಗೆ ಚಾಚಿದ್ದಾರೆ, ತುಂಬುತೋಳಿನ ಶರ್ಟು ಮಣಿಕಟ್ಟಿನಿಂದ ಎರಡಂಗುಲ ಮೇಲೆ ಸರಿದಿದೆ. ವಾಚು ಕಾಣಬೇಕಲ್ಲ! ಅದೂ ತಾವೇ ಮಾಡಿದ ಎಚ್‌ಎಂಟಿ ವಾಚು.

ಅಪ್ಪ ಎರಡನೆಯ ಸಾಲಿನಲ್ಲಿ ನಾಲ್ಕನೆಯವರು. ಅವರು ತೀರಿಕೊಂಡ ವರ್ಷ ಅಮ್ಮನ ಮುಂದೆ ಫೋಟೋ ಹಿಡಿದು ಕೂತೆ. ಅವಳು ಇನ್ನೈದು ಜನರನ್ನು ಗುರುತಿಸಿದಳು. ಹೆಸರು ಹಿಡಿದು ಹೇಳಿದ್ದು ಇಬ್ಬರದು. ಉಳಿದ ಮೂವರು ‘ಮೂಲೆ ಕ್ವಾರ್ಟರ್ಸಿನವರು’, ‘ಇವರ ಹೆಂಡತಿ ನನಗೆ ಸ್ವೆಟರ್ ಹೆಣೆಯೋದು ಕಲಿಸಿದ್ದು’, ‘ಸ್ಟ್ರೈಕಿನಾಗೆ ಅರ್ಧ ಮೂಟೆ ರಾಗಿ ತಂದು ಹಾಕಿದ ಪುಣ್ಯಾತ್ಮ’. ಇಪ್ಪತ್ತೈದು ಜನ ಹಾಗೇ ಉಳಿದರು. ಫೋಟೋ ತಿರುಗಿಸಿದರೆ ಸ್ಟುಡಿಯೋದ ನೇರಳೆ ಮೊಹರು, ಪೆನ್ಸಿಲಿನಲ್ಲಿ ಗೀಚಿದ ಒಂದು ನಂಬರು. ಮತ್ತೇನಿಲ್ಲ.

ಅದೇ ಟ್ರಂಕಿನ ತಳದಲ್ಲಿ ಅರಿವೆಯಲ್ಲಿ ಸುತ್ತಿದ ಇನ್ನೊಂದು ಗಂಟಿತ್ತು, ಅಮ್ಮನ ತವರಿನದು. ಜಾಲಹಳ್ಳಿಯ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ತಾತನ ಕ್ರಯಪತ್ರ, ಕಂದಾಯದ ರಸೀತಿಗಳು, ಬಡಾವಣೆಗೆ ಜಮೀನು ಹೋದಾಗ ಬಂದ ನೋಟೀಸು. ತಾತನ ಫೋಟೋ ಒಂದೂ ಇಲ್ಲ, ಯಾರೂ ತೆಗೆಸಿರಲಿಲ್ಲ. ಆದರೆ ಪ್ರತಿ ಕಾಗದದ ಕೊನೆಗೆ ಶಾಯಿಯಲ್ಲದ್ದಿ ಒತ್ತಿದ ಹೆಬ್ಬೆಟ್ಟಿದೆ. ನಾನು ನೋಡಿರುವ ತಾತ ಅಂದರೆ ಅಷ್ಟೇ.

ಹಳ್ಳಿಯ ಕಾಲಕ್ಕೆ ಕಾಗದವಿದೆ, ಮುಖವಿಲ್ಲ. ಕಾರ್ಖಾನೆಯ ಕಾಲಕ್ಕೆ ಮುಖಗಳಿವೆ, ಹೆಸರಿಲ್ಲ. ಜಾಲಹಳ್ಳಿಯ ಕಥೆ ಹೇಳಹೊರಟವರಿಗೆಲ್ಲ ಎದುರಾಗುವ ತೊಡಕು ನಮ್ಮ ಟ್ರಂಕಿನಲ್ಲೇ ಇತ್ತು.

ಖರಾಬು ಎಂಬ ಹುಲ್ಲು

ಮೆಟ್ರೋದಲ್ಲಿ ಬಂದು ‘ಜಾಲಹಳ್ಳಿ’ ನಿಲ್ದಾಣದಲ್ಲಿ ಇಳಿದವರು ಜಾಲಹಳ್ಳಿ ಎಲ್ಲಿ ಅಂತ ಕೇಳಿಕೊಂಡೇ ಹೋಗಬೇಕು. 2015ರಲ್ಲಿ ಶುರುವಾದ ಆ ನಿಲ್ದಾಣ ಇರುವುದು ತುಮಕೂರು ರಸ್ತೆಯ ಕ್ರಾಸಿನಲ್ಲಿ; ಊರು ಇನ್ನೂ ಒಳಗಿದೆ. ಈ ನೆಲ ಹಿಂದೆ ಹೇಗಿತ್ತೆಂದು ಕಾಣಬೇಕಾದರೆ ಹೆಸರಘಟ್ಟದ ಕಡೆಗೆ ಹೋಗಬೇಕು. ಅಲ್ಲಿ ಇನ್ನೂ ಉಳಿದಿರುವ ಬಯಲು ಹುಲ್ಲುಗಾವಲನ್ನು ಸೇರಿಸಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿತು. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದೂ ಅದೇ ಹೆಸರಘಟ್ಟದ ಕೆರೆಯಿಂದ, 1896ರಲ್ಲಿ.

ಹುಲ್ಲುಗಾವಲಿಗೆ ಕಾಗದದಲ್ಲಿ ಮರ್ಯಾದೆಯಿಲ್ಲ. ಉಳದ ನೆಲವನ್ನು ಬಹುಮಟ್ಟಿಗೆ ಪಹಣಿ ‘ಖರಾಬು’ ಅನ್ನುತ್ತದೆ. ಸಾಗುವಳಿಗೆ ಬಾರದ್ದು ‘ಎ’ ಖರಾಬು, ದಾರಿ ಹಳ್ಳದಂಥ ಸಾರ್ವಜನಿಕ ನೆಲ ‘ಬಿ’ ಖರಾಬು. ಆ ಖರಾಬಿನಲ್ಲೇ ದನ ಮೇಯುತ್ತಿದ್ದವು, ಗುಡಿಸಲಿಗೆ ಹೊದೆಸುವ ಹುಲ್ಲು ಬೆಳೆಯುತ್ತಿತ್ತು, ಮಳೆ ಹಿಂಗಿದ ಮೇಲೆ ಹುಡುಗರು ಬುಗುರಿ ಆಡುತ್ತಿದ್ದರು. ಇದ್ಯಾವುದೂ ಕಾಗದಕ್ಕೆ ಏರಲಿಲ್ಲ. ನಮ್ಮ ತಾತನ ಜಮೀನಿನ ಚಕ್ಕುಬಂದಿಯಲ್ಲಿ ‘ಪಡುವಲಿಗೆ ಗೋಮಾಳ’ ಎಂಬ ಒಂದು ಮಾತಿದೆ. ಈಗ ಅಲ್ಲಿ ನಾಲ್ಕು ಮಹಡಿಯ ಪಿಜಿಗಳು. ಆ ಒಂದು ಮಾತು ಅಳಿಸಿದರೆ ಅಲ್ಲಿ ದನ ಮೇಯುತ್ತಿದ್ದವು ಅನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ.

ಕಾಗದ ಇಟ್ಟುಕೊಳ್ಳುವುದು ನಮಗೆ ಹೊಸದೇನಲ್ಲ. ಸರ್ಕಾರಿ ಕಚೇರಿಯ ಫೈಲಿಗೆ ನಾವು ಇವತ್ತಿಗೂ ಅನ್ನುವುದು ‘ಕಡತ’. ಕಡತ ಅಂದರೆ ಮೂಲದಲ್ಲಿ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲೆಸಿ, ಬಟ್ಟೆಗೆ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿ ಇರುತ್ತಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. ಶಾನುಭೋಗಿಕೆ ಹೋಯಿತು, ಕಾಗದ ಮಾತ್ರ ಎಷ್ಟೋ ಮನೆಗಳಲ್ಲಿ ಹಾಗೇ ಉಳಿದು ಗೆದ್ದಲಿನ ಪಾಲಾಯಿತು.

ಹಳೆಯ ಕಾಗದದಿಂದೇನು ಅನ್ನುವವರಿಗೆ ಜಾಲಹಳ್ಳಿಯೇ ಉತ್ತರ ಕೊಟ್ಟಿದೆ. ಪೀಣ್ಯ–ಜಾಲಹಳ್ಳಿ ಪ್ಲಾಂಟೇಶನ್ನಿನ 599 ಎಕರೆ ಯಾರದು ಎಂಬ ಜಗಳ 2024ರಲ್ಲಿ ಪತ್ರಿಕೆಗಳ ಮುಖಪುಟಕ್ಕೆ ಬಂದಾಗ ಅರಣ್ಯ ಇಲಾಖೆ ತೆಗೆದು ಮುಂದಿಟ್ಟದ್ದು 1896ರ ಗೆಜೆಟ್ ಅಧಿಸೂಚನೆಯನ್ನು. ನೂರಿಪ್ಪತ್ತೆಂಟು ವರ್ಷದ ಹಾಳೆಯೊಂದು ಕಪಾಟಿನಿಂದ ಎದ್ದು ಬಂದು ವಾದಕ್ಕೆ ನಿಂತಿತು. ಆ ಹಾಳೆ ಉಳಿದದ್ದು ಅದನ್ನು ಕಾಯುವ ಇಲಾಖೆಯೊಂದು ಇದ್ದದ್ದರಿಂದ. ತಾತನ ಗಂಟನ್ನು ಕಾಯಲು ಇದ್ದದ್ದು ಅಮ್ಮ ಒಬ್ಬಳೇ.

ಸೈರನ್ನಿನ ಊರು

ಜಾಲಹಳ್ಳಿಯನ್ನು ಹೊರಗಿನವರು ಮೊದಲು ಕಂಡದ್ದು ಯುದ್ಧಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಸುತ್ತಲ ಶಿಬಿರಗಳಲ್ಲಿ ಇಟ್ಟಿದ್ದರು. ಜಾಲಹಳ್ಳಿಯಲ್ಲಿ ಮಿಲಿಟರಿ ಆಸ್ಪತ್ರೆಯ ಬ್ಯಾರಕ್ಕುಗಳು ಎದ್ದವು. ಮುಂದೆ ವಾಯುಪಡೆ ಅಲ್ಲಿ ನೆಲೆಯೂರಿತು. ಹಳಬರ ಬಾಯಲ್ಲಿ ಇವತ್ತಿಗೂ ಅದು ‘ಕ್ಯಾಂಪು’. ಆ ಸೈನಿಕರು ಮನೆಗೆ ಬರೆದ ಕಾಗದಗಳು ಎಲ್ಲಾದರೂ ಉಳಿದಿದ್ದರೆ ಅದು ಇಟಲಿಯ ಯಾವುದೋ ಅಟ್ಟದ ಮೇಲೆ. ಜಾಲಹಳ್ಳಿಯ ಒಂದು ತುಣುಕು ಅಲ್ಲೂ ಇದ್ದೀತು.

ಆಮೇಲೆ ಬಂದವು ಕಾರ್ಖಾನೆಗಳು. 1953ರ ಫೆಬ್ರುವರಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ), ಸ್ವಿಟ್ಜರ್‌ಲೆಂಡಿನ ಒರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. 1954ರ ಏಪ್ರಿಲ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್), ಫ್ರಾನ್ಸಿನ ಸಿಎಸ್ಎಫ್ ಜೊತೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿಯ ವಾಚ್ ಕಾರ್ಖಾನೆ. ರಾಗಿ ಹೊಲದ ಬದುವಿನಾಚೆ ಸ್ವಿಸ್ ಯಂತ್ರ, ಫ್ರೆಂಚ್ ನಕಾಶೆ, ಜಪಾನಿ ಸ್ಪ್ರಿಂಗು. ಬುತ್ತಿ ಕಟ್ಟಿಕೊಂಡು ಚನ್ನರಾಯಪಟ್ಟಣದಿಂದ, ಮಂಡ್ಯದಿಂದ, ಕೋಲಾರದಿಂದ, ಕೇರಳ ತಮಿಳುನಾಡುಗಳಿಂದ ಹುಡುಗರು ಬಂದರು. ಅಪ್ಪ ಅವರಲ್ಲೊಬ್ಬರು. ವಾಚ್ ಜೋಡಿಸುವ ಸಾಲುಗಳಲ್ಲಿ ಹೆಣ್ಣುಮಕ್ಕಳೂ ಬಂದು ಕೂತರು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು. ಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದ ಬೆರಳುಗಳಿಗೆ ಕೂದಲೆಳೆಗಿಂತ ಸಣ್ಣ ಸ್ಪ್ರಿಂಗು ಕೂರಿಸುವ ಕೆಲಸ ಬೇಗ ಹತ್ತಿತು ಎಂದು ಅಪ್ಪ ಹೇಳುತ್ತಿದ್ದರು.

ಆ ಕಾರ್ಖಾನೆಗಳ ಬದುಕಿಗೆ ಫೋಟೋಗಳ ಬರವಿರಲಿಲ್ಲ. ರಾಜ್ಯೋತ್ಸವಕ್ಕೊಂದು, ಆಯುಧಪೂಜೆಗೊಂದು, ಕಬಡ್ಡಿ ತಂಡ ಗೆದ್ದರೊಂದು, ನಿವೃತ್ತಿಗಂತೂ ತಪ್ಪದೆ ಒಂದು. 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರದ ಕಾಲದಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್‌ಗಳ ಕಾರ್ಮಿಕರು ಬೀದಿಗಿಳಿದರು. ಆ ಎರಡೂವರೆ ತಿಂಗಳ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿಯಿದೆ, ಪುಸ್ತಕಗಳಲ್ಲಿ ವಿಶ್ಲೇಷಣೆಯಿದೆ. ನಮ್ಮ ಟ್ರಂಕಿನಲ್ಲಿರುವುದು ಕಿರಾಣಿ ಅಂಗಡಿಯ ಸಾಲದ ಚೀಟಿ. ಜನವರಿಯಲ್ಲಿ ಸಕ್ಕರೆ ನಿಂತಿದೆ, ಫೆಬ್ರುವರಿಯಲ್ಲಿ ಕಾಫಿಪುಡಿ ಅರ್ಧಕ್ಕಿಳಿದಿದೆ, ಮಾರ್ಚಿನ ಕೊನೆಗೆ ಎಲ್ಲದರ ಮೇಲೆ ಅಡ್ಡಗೆರೆ ಎಳೆದು ‘ಚುಕ್ತಾ’ ಎಂದು ಬರೆದಿದೆ. ಮುಷ್ಕರ ನಮ್ಮ ಅಡುಗೆಮನೆಯಲ್ಲಿ ನಡೆದದ್ದು ಹೀಗೆ.

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ಈಗ ಜಾಲಹಳ್ಳಿಯ ಎಚ್‌ಎಂಟಿ ಎಸ್ಟೇಟಿನಲ್ಲಿ, ಮರಗಳ ನಡುವಿನ ಹಳೆಯ ಬಂಗಲೆಯಲ್ಲಿ, ಕಂಪನಿಯದೇ ಪರಂಪರೆ ಕೇಂದ್ರವಿದೆ. ಲೇತುಗಳು, ಟ್ರ್ಯಾಕ್ಟರು, ಬಗೆಬಗೆಯ ವಾಚುಗಳು. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ. ಯಂತ್ರಗಳಿಗೆಲ್ಲ ಅಲ್ಲಿ ಚೊಕ್ಕ ಹೆಸರುಪಟ್ಟಿಗಳಿವೆ. ಆ ಯಂತ್ರಗಳ ಹಿಂದೆ ನಿಂತಿದ್ದವರ ಹೆಸರು ಯಾವ ಸಂಗ್ರಹಾಲಯವೂ ಒಂಟಿಯಾಗಿ ಹುಡುಕಿ ಬರೆಯಲಾಗದ್ದು. ಅದು ಮನೆಗಳಿಂದಲೇ ಬರಬೇಕು.

ಅಂಗಳಕ್ಕೆ ಬಂದ ಆರ್ಗನ್

ಅಮೆರಿಕದ ನೆಬ್ರಾಸ್ಕದಲ್ಲಿ ಸಾಲೊಮನ್ ಬುಚರ್ ಎಂಬ ಛಾಯಾಗ್ರಾಹಕನಿದ್ದ. ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲಿನ ಪ್ರೇರಿ ಬಯಲಿಗೆ ಬಂದು, ಮರ ಸಿಗದೆ, ಹುಲ್ಲು ಬೇರಿನ ಸಮೇತ ಮಣ್ಣಿನ ಹೆಂಟೆ ಕಡಿದು ಮನೆ ಕಟ್ಟಿಕೊಂಡವರನ್ನು ಅವನು 1886ರಿಂದ ಗಾಡಿಯಲ್ಲಿ ಸುತ್ತಿ ಸುತ್ತಿ ಚಿತ್ರ ತೆಗೆದ. ಮೂರು ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು. ಹಿಲ್ಟನ್ ಎಂಬ ಕುಟುಂಬದ ಚಿತ್ರ ಅದರಲ್ಲಿ ಹೆಸರುವಾಸಿ. ಮನೆಯೊಡತಿಗೆ ತನ್ನ ಮಣ್ಣಿನ ಮನೆಯನ್ನು ದೂರದ ನೆಂಟರಿಗೆ ತೋರಿಸಲು ನಾಚಿಕೆ. ಹಾಗಾಗಿ ಒಳಗಿದ್ದ ಪಂಪ್ ಆರ್ಗನ್ನನ್ನು ಅಂಗಳಕ್ಕೆ ಹೊರಿಸಿ ತಂದು, ಅದರ ಸುತ್ತ ಸಂಸಾರ ನಿಲ್ಲಿಸಿ ಫೋಟೋ ತೆಗೆಸಿದಳು. ಚಿತ್ರದಲ್ಲಿ ಮನೆಯೇ ಇಲ್ಲ.

ಈ ಕಥೆ ಓದಿದಾಗ ನಮ್ಮ ಫೋಟೋದ ಎಡಗೈಗಳು ಕಣ್ಣಮುಂದೆ ಬಂದವು. ಜನ ಕ್ಯಾಮೆರಾಕ್ಕೆ ತೋರಿಸುವುದು ತಾವು ಆಗಬಯಸಿದ್ದನ್ನು. ಶರ್ಟಿನ ತೋಳು ಸರಿಸಿದವನ ಮನೆಯಲ್ಲಿ ಆ ತಿಂಗಳು ಸಕ್ಕರೆ ಇತ್ತೇ ಇಲ್ಲವೇ ಅನ್ನುವುದನ್ನು ಹೇಳುವುದು ಕಿರಾಣಿ ಚೀಟಿ. ಅದಕ್ಕೇ ಫೋಟೋ ಮಾತ್ರ ಉಳಿಸಿದರೆ ಅರ್ಧ ಸುಳ್ಳು ಉಳಿಯುತ್ತದೆ. ಕಾಗದ ಮಾತ್ರ ಉಳಿಸಿದರೆ ಬರೀ ಸಂಕಟ ಉಳಿಯುತ್ತದೆ, ಆ ಜನರ ಠೀವಿ ಕಳೆದುಹೋಗುತ್ತದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಇಡಬೇಕು.

ಬುಚರನ ಮನೆಗೆ 1899ರಲ್ಲಿ ಬೆಂಕಿ ಬಿತ್ತು. ಅಚ್ಚು ಹಾಕಿದ ಚಿತ್ರಗಳು ಸುಟ್ಟುಹೋದವು. ಗಾಜಿನ ನೆಗೆಟಿವ್‌ಗಳು ಮಾತ್ರ ಕಣಜದಲ್ಲಿದ್ದವು, ಉಳಿದವು. ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಗೆ ಆ ಅದೃಷ್ಟ ಇರಲಿಲ್ಲ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಬರೆದುಕೊಂಡದ್ದನ್ನು ವರ್ಷಗಟ್ಟಲೆ ತಿದ್ದಿ ತೀಡಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಯಲ್ಲೇ ಇದ್ದವು. 1970ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಮೂರೂ ಹೋದವು. ಅವರು ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು. ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಎಲ್ಲರಿಗೂ ಶ್ರೀನಿವಾಸರ ನೆನಪಿನ ಶಕ್ತಿ ಇರುವುದಿಲ್ಲ. ಪ್ರತಿ ಮೂರಿದ್ದರೆ ಸಾಲದು, ಮೂರೂ ಬೇರೆ ಬೇರೆ ಸೂರಿನಡಿ ಇರಬೇಕು ಅನ್ನುವ ಪಾಠ ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ನೂರು ವರ್ಷದ ಹಿಂದೆಯೇ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಓದಿ ಅಚ್ಚು ಮಾಡಿಸಿದ್ದರಿಂದಲೇ, ಸೈಟು ಮಾಡುವಾಗ ಕಲ್ಲು ಕಾಣೆಯಾದ ಕಡೆಯೂ ಅದರ ಮಾತು ಉಳಿದಿದೆ. ಈಗ ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ.

ನಾನು ಮಾಡಿದ ತಪ್ಪು

ಅಪ್ಪ ಹೋದ ಮೇಲೆ ಭಕ್ತಿ ಉಕ್ಕಿ ನಾನು ಮೊದಲು ಮಾಡಿದ ಕೆಲಸ ಆ ಗ್ರೂಪ್ ಫೋಟೋಗೆ ಲ್ಯಾಮಿನೇಶನ್ ಮಾಡಿಸಿದ್ದು. ಜೆರಾಕ್ಸ್ ಅಂಗಡಿಯ ಬಿಸಿ ರೋಲರಿನಿಂದ ಅದು ಫಳಫಳ ಹೊಳೆಯುತ್ತಾ ಹೊರಬಂತು. ಎರಡು ಮಳೆಗಾಲ ಕಳೆದವು. ಒಳಗೆ ಸಿಕ್ಕಿಕೊಂಡ ತೇವ ಮೂರನೆಯ ಸಾಲಿನ ಬಲತುದಿಯಲ್ಲಿ ಗುಳ್ಳೆಯೆದ್ದಿತು. ಮೂರು ಮುಖಗಳು ಮಸುಕಾದವು. ಲ್ಯಾಮಿನೇಶನ್ ಬಿಡಿಸಿದರೆ ಚಿತ್ರದ ಪದರವೂ ಕಿತ್ತು ಬರುತ್ತದೆ ಎಂದು ತಿಳಿದವರು ಹೇಳಿದರು. ನಲವತ್ತು ವರ್ಷ ಟ್ರಂಕಿನ ಕತ್ತಲಲ್ಲಿ ಸುಖವಾಗಿದ್ದ ಚಿತ್ರವನ್ನು ನಾನು ಎರಡು ವರ್ಷದಲ್ಲಿ ಕೆಡಿಸಿದೆ.

ನೆಗೆಟಿವ್ ಸಿಕ್ಕೀತೆಂದು ಹಿಂಬದಿಯ ನಂಬರು ಹಿಡಿದು ಸ್ಟುಡಿಯೋ ಹುಡುಕಿಕೊಂಡು ಹೋದೆ. ಅದೀಗ ಮೊಬೈಲ್ ಅಂಗಡಿ. ಯಜಮಾನರ ಮಗ ಒಳ್ಳೆಯವನು, ಕಾಫಿ ತರಿಸಿದ. ‘ನೆಗೆಟಿವ್ ಎಲ್ಲ ಬೆಳ್ಳಿ ತೆಗೆಯೋರು ಕೆಜಿ ಲೆಕ್ಕದಾಗೆ ಒಯ್ದ್ರು ಸಾರ್’ ಅಂದ. ಕಪ್ಪುಬಿಳುಪು ಚಿತ್ರ ಮೂಡುವುದೇ ಬೆಳ್ಳಿಯ ಕಣಗಳಿಂದ. ಅದೇ ಬೆಳ್ಳಿಯ ಆಸೆಗೆ ಎಷ್ಟೋ ಊರಿನ ಮದುವೆ, ನಾಮಕರಣ, ಶವಯಾತ್ರೆಗಳ ನೆಗೆಟಿವ್‌ಗಳು ಕರಗಿಹೋದವು. ತಮಿಳುನಾಡಿನಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಹಳೆಯ ಸ್ಟುಡಿಯೋಗಳ ಬಾಗಿಲು ತಟ್ಟಿ, ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯ ನೆರವಿನಿಂದ ಸಾವಿರಾರು ಚಿತ್ರಗಳನ್ನು ಸ್ಕ್ಯಾನ್ ಮಾಡಿಟ್ಟರು. ಪೀಣ್ಯ, ದಾಸರಹಳ್ಳಿ, ಯಶವಂತಪುರದ ಸ್ಟುಡಿಯೋಗಳಲ್ಲಿ ಇನ್ನೂ ಡಬ್ಬಿಗಳು ಉಳಿದಿದ್ದರೆ ಯಾರಾದರೂ ಈಗಲೇ ಬಾಗಿಲು ತಟ್ಟಬೇಕು.

ಜಾಲಹಳ್ಳಿಯಿಂದ ಬಹಳ ದೂರವೇನಲ್ಲದ ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ಶುರುವಾದ ಆರ್ಕೈವ್ಸ್ ಇದೆ. ವಿಜ್ಞಾನಿಗಳ ಖಾಸಗಿ ಕಾಗದಗಳ ಜೊತೆಗೆ ನಿಸರ್ಗ ಬರಹಗಾರ ಎಂ. ಕೃಷ್ಣನ್ ಅವರ ಸಂಗ್ರಹವೂ ಅಲ್ಲಿದೆ. ಹೆಸರಾದವರ ಕಾಗದಕ್ಕೆ ಹೀಗೆ ಮನೆ ಸಿಗುತ್ತದೆ. ಫಿಟ್ಟರು, ಟರ್ನರು, ಗೋಮಾಳದ ಅಂಚಿನ ರೈತರ ಕಾಗದಕ್ಕೆ ಇರುವುದು ಅವರವರ ಮನೆಯೇ.

ಟ್ರಂಕು ತೆರೆದಾಗ

- ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಬೇಡ, ಫೆವಿಕಾಲ್ ಬೇಡ. ಎಂಬತ್ತರ ದಶಕದ ಅಂಟುಹಾಳೆ ಆಲ್ಬಂಗಳಿಂದ ಚಿತ್ರಗಳು ಸಲೀಸಾಗಿ ಬಂದರೆ ಹೊರತೆಗೆಯಿರಿ. ಬಾರದಿದ್ದರೆ ಎಳೆಯಬೇಡಿ, ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಿ.
- ಹೆಸರನ್ನು ಚಿತ್ರದ ಬೆನ್ನಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದೆ ಮುಖದ ಮೇಲೆ ಮೂಡುತ್ತದೆ.
- ಗೋಡೆಗೆ ತೂಗುಹಾಕುವುದಿದ್ದರೆ ನಕಲನ್ನು ಹಾಕಿ. ಬಿಸಿಲು, ಊದುಬತ್ತಿಯ ಹೊಗೆ, ಗಾಜಿಗೆ ಅಂಟುವ ತೇವ ಮೂರೂ ಮೂಲಕ್ಕೆ ಶತ್ರು. ಬಣ್ಣದ ಚಿತ್ರಗಳಂತೂ ಕಪ್ಪುಬಿಳುಪಿಗಿಂತ ಬೇಗ ಮಾಸುತ್ತವೆ.
- ಸ್ಕ್ಯಾನ್ 600 ಡಿಪಿಐಗೆ ಕಡಿಮೆ ಬೇಡ. ಬೆನ್ನನ್ನೂ ಸ್ಕ್ಯಾನ್ ಮಾಡಿ. ಮೊಹರು, ನಂಬರು ಎಲ್ಲ ಇರುವುದು ಅಲ್ಲೇ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಕುಗ್ಗಿದ ನಕಲು, ಅದನ್ನು ಪ್ರತಿ ಎಂದು ನಂಬಬೇಡಿ.
- ಮೂರು ಪ್ರತಿ, ಕನಿಷ್ಠ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ.
- ಫೋಟೋದ ಮುಖಗಳನ್ನು ಟ್ರೇಸಿಂಗ್ ಹಾಳೆಯಲ್ಲಿ ಗೆರೆಯಾಗಿ ಬಿಡಿಸಿ ಒಂದೊಂದಕ್ಕೂ ನಂಬರು ಕೊಡಿ. ಹಿರಿಯರ ಮುಂದೆ ಅದನ್ನಿಟ್ಟು ಕೂರಿ. ಹೆಸರು ಬಾರದಿದ್ದರೆ ‘ರಾಗಿ ತಂದವನು’ ಎಂದೇ ಬರೆದುಕೊಳ್ಳಿ.

ಎಡದಿಂದ ಏಳನೆಯವನು

ಕಳೆದ ವರ್ಷ ಹಾಗೊಂದು ನಂಬರಿನ ಹಾಳೆ ಮಾಡಿಕೊಂಡು, ಜೊತೆಗೆ ಫೋಟೋದ ದೊಡ್ಡ ನಕಲು ಹಿಡಿದು, ಬೆಳಿಗ್ಗೆ ಆರೂವರೆಗೆ ನಿವೃತ್ತರು ವಾಕಿಂಗ್ ಮುಗಿಸಿ ಕೂರುವ ಕಲ್ಲುಬೆಂಚಿಗೆ ಹೋದೆ. ಮಂಕಿಕ್ಯಾಪಿನ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, ಫೋಟೋವನ್ನು ಮೂಗಿನ ಹತ್ತಿರ ತಂದು, ಏನೂ ಮಾತಾಡದೆ ಐದು ನಿಮಿಷ ನೋಡಿದರು. ಆಮೇಲೆ ಶುರುವಾಯಿತು. ಹತ್ತು ನಿಮಿಷದಲ್ಲಿ ಹನ್ನೊಂದು ಹೆಸರು. ಊರು, ಅಡ್ಡಹೆಸರು, ಯಾವ ಸೆಕ್ಷನ್ನು, ಯಾರು ಯಾರಿಗೆ ಬೀಗರಾದರು ಎಲ್ಲ. ‘ಬರ್ಕೊಳ್ಳೋ, ಬರ್ಕೊ, ಆಮೇಲೆ ನಂಗೆ ನೆನಪಿರಲ್ಲ.’ ಮಸುಕಾದ ಮೂರು ಮುಖಗಳಲ್ಲಿ ಎರಡನ್ನು ಅವರು ಗುರುತಿಸಿದ್ದು ನಿಂತ ಭಂಗಿಯಿಂದ.

ಬೇರೆಲ್ಲೋ ನೋಡುತ್ತಿದ್ದ ಏಳನೆಯವನ ಮೇಲೆ ಬೆರಳಿಟ್ಟು ಕೇಳಿದೆ. ಅವರು ನಕ್ಕರು. ‘ಇವನಾ? ಬಸ್ ನೋಡ್ತಾವ್ನೆ. ಶಿಫ್ಟ್ ಬಸ್ಸು ಹೊರಡೋ ಹೊತ್ತು ಅದು. ಇವನ ಮನೆ ದೂರ, ಬಸ್ ತಪ್ಪಿದ್ರೆ ನಡ್ಕೊಂಡೇ ಹೋಗ್ಬೇಕಿತ್ತು.’ ಹೆಸರು? ಹಣೆ ಒತ್ತಿಕೊಂಡರು, ತುಟಿ ಅಲ್ಲಾಡಿಸಿದರು, ಬರಲಿಲ್ಲ.

ಹಾಳೆಯನ್ನು ಅವರೇ ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸ್ವೆಟರಿನ ಒಳಜೇಬಿಗೆ ಸೇರಿಸಿದರು. ‘ಅಬ್ಬಿಗೆರೆಯಾಗೆ ಒಬ್ಬ ಅವ್ನೆ, ಅವನಿಗೆ ಗೊತ್ತಿರ್ತದೆ. ಭಾನುವಾರ ಬಾ’ ಅಂದರು. ಎದ್ದು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಕೈ ಚಾಚಿದರು.

‘ಪೆನ್ಸಿಲೂ ಕೊಡು.’